ಕೆನೆ ಕಟ್ಟಿದ ಕಾಫಿ

"ಒಂದು ಲೋಟ ನೀರು ಬೇಕಾ ಅಂತ ಕೂಡ ಕೇಳ್ಲಿಲ್ವಲ್ಲೇ ಆಯಮ್ಮ."

ಆಟೋ ಇಳಿದು ಮನೆಯೊಳಗೆ ಬಂದ ಮೇಲೂ ಅಜ್ಜಿ ಕೌಸಲ್ಯಮ್ಮ ಅದನ್ನೇ ಹೇಳುತ್ತಿದ್ದರು. "ತನ್ನ ಕಾಫಿ ಮಾತ್ರ ಕಿಟಕಿ ಮೇಲೆ ಇಟ್ಕೊಂಡಿದ್ಲು. ನಾನು ನೋಡ್ದೆ."

ಆಯಮ್ಮ ಅಂದರೆ ಬಟವಾಡಿ ಬಡಾವಣೆಯ ಸರ್ವಮಂಗಳಮ್ಮ. ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳನ್ನು ಹಗಲೆಲ್ಲ ತಮ್ಮ ಮನೆಯಲ್ಲೇ ನೋಡಿಕೊಳ್ಳುವವರು. ಮೊಮ್ಮಗಳು ಮೈತ್ರೇಯಿಯ ಅಮ್ಮ ಅಪರ್ಣ ತುಮಕೂರಿನಿಂದ ದಿನಾ ಗುಬ್ಬಿಯ ಬ್ಯಾಂಕಿಗೆ ಹೋಗಿಬರುತ್ತಾಳೆ. ಮೈತ್ರೇಯಿಯ ತಮ್ಮ ಶ್ರೀಕರನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಇಷ್ಟು ದಿನ ಅವನನ್ನು ನೋಡಿಕೊಂಡ ಅಜ್ಜಿ ಸೋಮವಾರ ಚಿಕ್ಕಮ್ಮನ ಬಾಣಂತನಕ್ಕೆ ಕುಣಿಗಲ್‌ಗೆ ಹೊರಡಬೇಕು. ಹಾಗಾಗಿ ಅಮ್ಮ ರಜೆ ಹಾಕಿ, ಎಲ್ಲರೂ ಅಂಥ ಎರಡು ಮನೆ ನೋಡಿಕೊಂಡು ಬಂದಿದ್ದರು. ದಸರಾ ರಜೆಯಲ್ಲಿದ್ದ ಮೈತ್ರೇಯಿಯೂ ಹೋಗಿದ್ದಳು.

"ಮೊದಲು ಹೋಗಿದ್ವಲ್ಲ, ಆ ಭೂಮಿಕಾನ ನೋಡಿ ಕಲೀಬೇಕು," ಅಜ್ಜಿ ಮುಂದುವರಿಸಿದರು. "ಹೋದ ತಕ್ಷಣ ನೀರು. ಆಮೇಲೆ ಬಿಸಿ ಬೋಂಡ, ಬೆಳ್ಳಿ ಲೋಟದಲ್ಲಿ ಕಾಫಿ. ಹೊರಡುವಾಗ ಅರಿಶಿನ ಕುಂಕುಮ, ಬ್ಲೌಸ್ ಪೀಸು. ಮನೆಗೆ ಬಂದೋರನ್ನೇ ಅಷ್ಟು ಚೆನ್ನಾಗಿ ನೋಡ್ಕೊಳ್ಳೋಳು ಮಗೂನ ನೋಡ್ಕೊಳ್ಳಲ್ವಾ?"

"ಹೂಂನಮ್ಮ," ಎಂದಳು ಅಮ್ಮ. "ಅವರಿಗೇ ಫೋನ್ ಮಾಡಿ ಹೇಳ್ಬಿಡ್ತೀನಿ."

ಮೈತ್ರೇಯಿಗೆ ಮೈಯೆಲ್ಲ ಉರಿಯಿತು. ಈ ದೊಡ್ಡವರು ಎರಡೂ ಮನೆಯಲ್ಲಿ ಸೋಫಾ ನೋಡಿದರು, ಕರ್ಟನ್ ನೋಡಿದರು, ಕಾಫಿ ಲೋಟ ನೋಡಿದರು. ಮಕ್ಕಳನ್ನು ಒಬ್ಬರಾದರೂ ನೋಡಿದರೇ?

ಸುಳ್ಳೇಕೆ ಹೇಳಬೇಕು, ಬೋಂಡ ಚೆನ್ನಾಗಿಯೇ ಇತ್ತು. ಮೈತ್ರೇಯಿಯೂ ಹೊಟ್ಟೆ ತುಂಬ ತಿಂದಿದ್ದಳು. ಕೈ ತೊಳೆಯಲು ಒಳಗೆ ಹೋದಾಗ ಅಲ್ಲಿದ್ದ ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಟಿವಿಯಲ್ಲಿ ರೈಮ್ಸ್ ಜೋರಾಗಿ ಕೇಳುತ್ತಿತ್ತು. ಯಾರೋ ಬಾಗಿಲು ತಟ್ಟುತ್ತಿದ್ದರು. ಆ ಸದ್ದು ಬಾಗಿಲಿನ ಕೆಳಗಡೆ, ಅವಳ ಮಂಡಿಯಷ್ಟು ಎತ್ತರದಿಂದ ಬರುತ್ತಿತ್ತು.

"ಆಂಟಿ, ಒಳಗಿಂದ ಯಾರೋ ಬಾಗಿಲು ತಟ್ತಿದಾರೆ," ಎಂದಿದ್ದಳು.

"ತಟ್ಟಿ ತಟ್ಟಿ ಹಂಗೇ ಮಲ್ಕೊಂಡ್ಬಿಡ್ತವೆ ಪುಟ್ಟಿ," ಎಂದು ಭೂಮಿಕಾ ಆಂಟಿ ನಕ್ಕಿದ್ದರು. "ಇನ್ನೊಂದು ಬೋಂಡ ಹಾಕ್ಲಾ?"

ಅಮ್ಮ ಈಗ ಫೋನಿನಲ್ಲಿ ಅದೇ ಆಂಟಿಯ ನಂಬರ್ ಹುಡುಕುತ್ತಿದ್ದಳು.

"ಅಮ್ಮ, ಫೋನ್ ಮಾಡ್ಬೇಡ."

"ದೊಡ್ಡೋರು ಮಾತಾಡುವಾಗ ನಡುವೆ ಬಾಯಿ ಹಾಕ್ಬಾರ್ದು ಕಣೇ," ಎಂದರು ಅಜ್ಜಿ.

"ಹಾಕ್ತೀನಿ ಅಜ್ಜಿ. ಅಲ್ಲಿ ದಿನಾ ಇರ್ಬೇಕಾಗಿರೋದು ನೀವಲ್ಲ, ನನ್ನ ತಮ್ಮ." ಮೈತ್ರೇಯಿ ಅಮ್ಮನ ಕಡೆ ತಿರುಗಿದಳು. "ನಾವೇನು ಕಾಫಿ ಕುಡಿಯೋಕೆ ಹೋಗಿದ್ವಾ? ಆಂಟಿ ನಮಗೆ ಬೋಂಡ ಕರೀತಾ ಇದ್ದಾಗ ಆ ಪಾಪುಗಳನ್ನ ಯಾರು ನೋಡ್ಕೊಳ್ತಾ ಇದ್ರು? ಚಿಲಕ ನೋಡ್ಕೊಳ್ತಾ ಇತ್ತು."

ಅಮ್ಮನ ಬೆರಳು ಫೋನಿನ ಮೇಲೆ ನಿಂತಿತು. "ಯಾವ ಚಿಲಕ?"

ಮೈತ್ರೇಯಿ ನೋಡಿದ್ದು, ಕೇಳಿದ್ದು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೆ ಅಳುವೇ ಬಂತು. ತಾನು ಅಲ್ಲೇ ಯಾಕೆ ಜೋರಾಗಿ ಹೇಳಲಿಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಅಮ್ಮ ಫೋನ್ ಕೆಳಗಿಟ್ಟು ಶ್ರೀಕರನನ್ನು ಎತ್ತಿಕೊಂಡಳು.

"ಆದ್ರೂ ಆಯಮ್ಮ ಒಂದು ಲೋಟ ನೀರು..." ಅಜ್ಜಿ ಅಷ್ಟಕ್ಕೇ ನಿಲ್ಲಿಸಿದರು.

ಮರುದಿನ, ಮೊದಲೇ ಹೇಳದೆ, ಎಲ್ಲರೂ ಸರ್ವಮಂಗಳಮ್ಮನ ಮನೆಗೆ ಹೋದರು. ಬಾಗಿಲು ತೆಗೆದಾಗ ಅವರ ಸೊಂಟದ ಮೇಲೊಂದು ಮಗು ಇತ್ತು. ಇನ್ನೊಂದು ಸೀರೆ ಹಿಡಿದುಕೊಂಡು ನಿಂತಿತ್ತು.

"ಬನ್ನಿ, ಕೂತ್ಕೊಳ್ಳಿ. ಇವನಿಗಿನ್ನ ಎರಡು ತುತ್ತು ಬಾಕಿ ಐತೆ," ಎಂದವರೇ ತಟ್ಟೆ ಹಿಡಿದು ನೆಲದ ಮೇಲೆ ಕೂತುಬಿಟ್ಟರು. ಇವತ್ತೂ ನೀರು ಬೇಕಾ ಎಂದು ಕೇಳಲಿಲ್ಲ. ಅಜ್ಜಿಯ ಹುಬ್ಬು ಮೇಲೇರಿತು.

ಮೈತ್ರೇಯಿ ಕಿಟಕಿಯ ಕಡೆ ನೋಡಿದಳು. ಇವತ್ತೂ ಅಲ್ಲಿ ಒಂದು ಲೋಟ ಕಾಫಿ ಇತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಮೇಲೆ ದಪ್ಪಗೆ ಕೆನೆ ಕಟ್ಟಿತ್ತು, ಲೋಟದ ಅಂಚಿನಲ್ಲಿ ಇರುವೆಯೊಂದು ಸುತ್ತುತ್ತಿತ್ತು.

ಅಜ್ಜಿಯ ಸೆರಗು ಎಳೆದು ಕಣ್ಣಲ್ಲೇ ತೋರಿಸಿದಳು.

ಅಜ್ಜಿ ಬಹಳ ಹೊತ್ತು ಆ ಲೋಟವನ್ನೇ ನೋಡಿದರು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅಡುಗೆಮನೆ ಎಲ್ಲಮ್ಮ? ಹಾಲು ಇದೆಯಾ?"

"ಅಯ್ಯೋ, ನಿಮಗ್ಯಾಕಮ್ಮ..."

"ನೀನು ಏಳ್ಬೇಡ. ಮಗು ಉಣ್ತಾ ಇದೆ."

ಸ್ವಲ್ಪ ಹೊತ್ತಿಗೆ ಅಜ್ಜಿ ಎಲ್ಲರಿಗೂ ಕಾಫಿ ತಂದರು. ಮೊದಲ ಲೋಟ ಸರ್ವಮಂಗಳಮ್ಮನಿಗೇ. "ಬಿಸಿ ಇರುವಾಗ್ಲೇ ಕುಡಿಯಮ್ಮ."

ಸರ್ವಮಂಗಳಮ್ಮ ನಾಚಿಕೊಂಡು ಲೋಟವನ್ನು ತುಟಿಯ ಹತ್ತಿರ ತಂದರು. ಅಷ್ಟರಲ್ಲಿ, ಚೆಂಡಿನ ಹಿಂದೆ ಓಡುತ್ತಿದ್ದ ಶ್ರೀಕರ ಹೊಸಿಲು ಎಡವಿ ಬಿದ್ದು ಜೋರಾಗಿ ಅತ್ತ. ಅಮ್ಮ ಏಳುವ ಮೊದಲೇ ಲೋಟ ಕಿಟಕಿಯ ಮೇಲೆ ಕೂತಿತ್ತು, ಶ್ರೀಕರ ಸರ್ವಮಂಗಳಮ್ಮನ ಹೆಗಲ ಮೇಲಿದ್ದ. "ಏನಾಗಿಲ್ಲ ಬುಡು, ನನ್ನಪ್ಪ," ಎನ್ನುತ್ತಾ ಅವರು ಅವನ ಮಂಡಿ ಉಜ್ಜುತ್ತಿದ್ದರು. ಅವನು ಬಿಕ್ಕುತ್ತಲೇ ಅವರ ಬಳೆ ಹಿಡಿದುಕೊಂಡ.

"ಕಾಫಿ..." ಎಂದು ಬಾಯಿ ತೆರೆದ ಅಜ್ಜಿ, ಉರುಳಿಹೋಗಿದ್ದ ಚೆಂಡನ್ನು ಎತ್ತಿ ಶ್ರೀಕರನಿಗೆ ತೋರಿಸಿದರು.

ಮೈತ್ರೇಯಿ ಅಡುಗೆಮನೆಗೆ ಹೋಗಿ ಒಂದು ಚಿಕ್ಕ ತಟ್ಟೆ ಹುಡುಕಿ ತಂದು, ಕಿಟಕಿಯ ಮೇಲಿದ್ದ ಲೋಟಕ್ಕೆ ಮುಚ್ಚಿದಳು.