ವ್ಯಾನ್ ಹತ್ತಿದ ದಿನ

"ಈ ವರ್ಷ ಬೇಡ, ಎನೋರಾ," ಎಂದ ಗುಲ್ವೆನ್.

ಎನೋರಾ ತಲೆ ಎತ್ತಲಿಲ್ಲ. ಅವನ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದಳು. ಅದು ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ಬೆಣ್ಣೆಯ ಡಬ್ಬಿ, ಇನ್ನೊಂದು ತುದಿಗೆ ಸೇಬಿನ ಸೈಡರ್ ಬಾಟಲಿ ಇಟ್ಟಿದ್ದಳು. ಪಾಂಪೋಲ್ ದಾಟಿದ ಮೇಲೆ ಒಂದು ಕೊಲ್ಲಿ ಸಿಗುತ್ತದೆ. ಕಡಲು ಇಳಿದಿದ್ದರೆ ಮರಳಿನ ಮೇಲೆ ನೇರವಾಗಿ ನಡೆದುಬಿಡಬಹುದು, ಇಲ್ಲದಿದ್ದರೆ ಅರ್ಧ ದಿನದ ಸುತ್ತು. ಆಗಸ್ಟಿನ ಯಾವ ದಿನ ಇಳಿತ ಬೆಳಿಗ್ಗೆಯೇ ಬರುತ್ತದೆಂದು ಪೆನ್ಸಿಲ್ ಹಿಡಿದು ಹುಡುಕುತ್ತಿದ್ದಳು.

"ಏನು ಬೇಡ? ಸೈಡರಾ?"

"ಕೊನೇ ವಾರದ ನಡಿಗೆ. ಕಳೆದ ವರ್ಷದ ವಾರಾನೇ ಇನ್ನೊಂದ್ಸಲ ನಡೆಯೋಣ. ಕೊನೇದು ಮುಂದಿನ ವರ್ಷ ಇಟ್ಕೊಳ್ಳೋಣ."

ಪೆನ್ಸಿಲ್ ನಿಂತಿತು. ಬಿನಿಕ್ ಬಂದರಿನವರು ಯಾರಾದರೂ ಅಲ್ಲಿದ್ದಿದ್ದರೆ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದರು. ಎನೋರಾ ಮೀನಿನ ಹರಾಜಿನಲ್ಲಿ ಕೆಲಸ ಮಾಡುವವಳು. ಈಗೀಗ ಬೆಲೆಯೆಲ್ಲ ಪರದೆಯ ಮೇಲೆ ಬರುತ್ತದೆ, ಯಾರೂ ಕೂಗಬೇಕಾಗಿಲ್ಲ. ಆದರೂ ಇಬ್ಬರು ವ್ಯಾಪಾರಿಗಳು ಒಂದೇ ಪೆಟ್ಟಿಗೆಗೆ ಕಿತ್ತಾಡಿದರೆ ಅವಳ ಗಂಟಲೇ ಬೇಕು.

"ಇನ್ನೊಂದ್ಸಲ ಹೇಳು," ಎಂದಳು. ತೀರಾ ಮೆತ್ತಗೆ.

ಗುಲ್ವೆನ್‌ನ ಕಿವಿಗಳು ಕೆಂಪಾದವು. ಎತ್ತರದ ಆಳು, ಬೆಂಕಿಯ ಕಿಡಿ ಬಿದ್ದು ಬಿದ್ದು ತೂತಾದ ಅಂಗಿ, ಕಡಲತಳದ ಚಿಪ್ಪು ಬಾಚುವ ದೋಣಿಗಳ ಕಬ್ಬಿಣದ ಬಲೆಗಳಿಗೆ ವೆಲ್ಡಿಂಗ್ ಮಾಡುವ ಗಟ್ಟಿ ಕೈ, ಅದರ ಮೇಲೆ ಶಾಲೆಗೆ ತಡವಾಗಿ ಬಂದ ಹುಡುಗನ ಕಿವಿ. ಆ ಕಿವಿಗಳನ್ನು ನೋಡಿಯೇ ಅವಳು ಮೊದಲ ವರ್ಷ ಸೋತದ್ದು. ಇವತ್ತು ಹಿಡಿದು ತಿರುಚಬೇಕೆನಿಸಿತು.

ಫ್ರಾನ್ಸಿನ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಬ್ರೆತಾನಿನಲ್ಲಿ ಏಳು ಸಂತರ ಏಳು ಊರುಗಳಿವೆ. ಏಳನ್ನೂ ಸುತ್ತಿ ಹೊರಟಲ್ಲಿಗೇ ಬರುವುದಕ್ಕೆ 'ತ್ರೋ ಬ್ರೇಜ್' ಎನ್ನುತ್ತೇವೆ. ಬೇಸಿಗೆಗೆ ಒಂದು ವಾರದಂತೆ ನಡೆದರೆ ಏಳು ವರ್ಷ. ಬದುಕಿದ್ದಾಗ ಈ ಸುತ್ತು ಮುಗಿಸದವರು ಸತ್ತ ಮೇಲಾದರೂ ಮುಗಿಸಲೇಬೇಕಂತೆ. ಆಗ ಏಳು ವರ್ಷಕ್ಕೊಮ್ಮೆ ಸಿಗುವುದು ಶವಪೆಟ್ಟಿಗೆಯ ಉದ್ದದಷ್ಟು ದಾರಿ ಮಾತ್ರ. ಪ್ಯಾರಿಸ್ಸಿನವರು ಕೇಳಿ ನಗುತ್ತಾರೆ. ನಾವೂ ನಗುತ್ತೇವೆ, ಆಮೇಲೆ ಬೂಟು ಕೊಳ್ಳುತ್ತೇವೆ.

ಗುಲ್ವೆನ್ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಅವನ ಅಪ್ಪ ಜಿಲ್ದಾಸ್ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ದೋಣಿಯ ಹಲಗೆ ಸಿಕ್ಕಿತು, ಅಪ್ಪ ಸಿಗಲಿಲ್ಲ. ಹೂಳಲು ದೇಹವಿಲ್ಲದವನಿಗೆ ಪೆಟ್ಟಿಗೆ ಎಲ್ಲಿಂದ ಬರಬೇಕು? ಪೆಟ್ಟಿಗೆಯೇ ಇಲ್ಲದವನು ಅದರ ಉದ್ದದಷ್ಟು ತೆವಳುವುದಾದರೂ ಹೇಗೆ? ಇದು ತಲೆಗೆ ಹೊಕ್ಕ ದಿನವೇ ಗುಲ್ವೆನ್ ಹರಕೆ ಹೊತ್ತ: ಅಪ್ಪನ ಹೆಸರಲ್ಲಿ ಪೂರ್ತಿ ಸುತ್ತು ನಡೆಯುತ್ತೇನೆ, ಅಲ್ಲಿಯವರೆಗೆ ನನ್ನ ಮದುವೆ, ಸಂಸಾರ ಯಾವುದೂ ಇಲ್ಲ.

ಅದೇ ಮೊದಲ ವಾರದಲ್ಲಿ ಅವನಿಗೆ ಎನೋರಾ ಸಿಕ್ಕಿದ್ದು. ಅವಳ ಕಾಲಲ್ಲಿ ಬೊಬ್ಬೆ ಎದ್ದಿತ್ತು, ಅವನ ಜೇಬಲ್ಲಿ ಸೂಜಿ ಇತ್ತು. ಅವತ್ತಿನಿಂದ ಆರು ಬೇಸಿಗೆ ಅವನ ಪಕ್ಕದಲ್ಲಿ ನಡೆದಿದ್ದಳು. ಅವಳ ತಂಗಿಗೆ ಮದುವೆಯಾಗಿ ಎರಡು ಮಕ್ಕಳಾದವು. "ನಿಮ್ಮದು ಯಾವಾಗ?" ಎಂದು ಕೇಳುವವರೂ ಕೇಳಿ ಸುಸ್ತಾಗಿದ್ದರು. ಇದೊಂದು ವಾರ ಉಳಿದಿತ್ತು. ಟ್ರೆಗಿಯೇದಿಂದ ಕಡಲಂಚಿನಲ್ಲೇ ಇಳಿದು, ತಮ್ಮ ಬಿನಿಕ್ ಬಂದರನ್ನೇ ಹಾದು, ಮೊದಲ ವರ್ಷ ಹೊರಟಿದ್ದ ಸೇಂಟ್ ಬ್ರಿಯೂವನ್ನೇ ಮತ್ತೆ ತಲುಪುವ ವಾರ. ಈ ಸಲ ಗುಂಪು ಬೇಡ, ನಾವಿಬ್ಬರೇ ಎಂದು ಅವನೇ ಹೇಳಿದ್ದ. ಆ ಮಾತನ್ನು ಅವಳು ಚಳಿಗಾಲವಿಡೀ ಬೆಚ್ಚಗೆ ಇಟ್ಟುಕೊಂಡಿದ್ದಳು.

"ಕಳೆದ ವರ್ಷದ ವಾರಕ್ಕೆ ಏನಾಗಿತ್ತು?" ಎಂದು ಕೇಳಿದಳು.

"ಪೆರೋಸ್ ಹತ್ರ ಒಂದಿನ ನಾನು ಗುಂಪಿನ ಸಾಮಾನು ಸಾಗಿಸೋ ವ್ಯಾನ್ ಹತ್ತಿದೆ."

"ನಿನ್ನ ಕಾಲು ಕುಂಬಳಕಾಯಿ ಥರ ಊದಿತ್ತು!"

"ಊದಿತ್ತು. ಆದ್ರೂ ಹತ್ತಿದೆ. ಮೂಟೆಗಳ ಮಧ್ಯೆ ಕೂತ್ಕೊಂಡು ಆ ಕೆಂಪು ಬಂಡೆಗಳನ್ನ ಕಿಟಕೀಲಿ ನೋಡ್ಕೊಂಡು ಹೋದೆ. ಅಪ್ಪನ ಹೆಸರಲ್ಲಿ ಒಂದಿನ ಕಮ್ಮಿ ಆಯ್ತು."

"ಸರಿ. ಈ ಭಾನುವಾರ ಬಸ್ಸಲ್ಲಿ ಹೋಗೋಣ. ಆ ಒಂದಿನದ ದಾರಿ ನಡ್ಕೊಂಡು ಸಾಯಂಕಾಲ ವಾಪಸ್ ಬರೋಣ. ಮುಗೀತಲ್ಲ?"

"ಹಾಗೆ ಬರಲ್ಲ. ಒಂದು ವಾರ ಅಂದ್ರೆ ಒಂದು ವಾರ. ಮಧ್ಯ ತುಂಡಾದ್ರೆ ಆ ವಾರ ಮೊದಲಿಂದ ನಡೀಬೇಕು."

"ಅಂತ ಯಾರಂದ್ರು?"

"ನಂಗೆ ಅನ್ಸುತ್ತೆ."

"ನಿಂಗೆ ಅನ್ಸುತ್ತೆ!" ಎನೋರಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಆಗಸ್ಟಿಂದ ಏಪ್ರಿಲ್‌ವರೆಗೆ ಅನ್ಸ್ತಾನೇ ಇತ್ತಾ? ನಾನು ರಜ ಕೇಳಿದಾಗ ಅನ್ಸ್ಲಿಲ್ವಾ? ಬೂಟು ತಗೊಂಡಾಗ? ನಿಮ್ಮಮ್ಮನ ಜೊತೆ ಕೂತು ಮದುವೆಗೆ ಯಾರ್ಯಾರನ್ನ ಕರೀಬೇಕು ಅಂತ ಮಾತಾಡ್ತಿದ್ದಾಗ ಪಕ್ಕದಲ್ಲೇ ಕೂತು ಪ್ಯಾನ್‌ಕೇಕ್ ತಿಂತಿದ್ದೆಯಲ್ಲ, ಆಗ್ಲೂ ಅನ್ಸ್ಲಿಲ್ವಾ?"

"ಅನ್ಸಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

"ಮುಂದಿನ ವರ್ಷ ಇನ್ನೊಂದು ಅನ್ಸುತ್ತೆ. ಎರಡನೇ ವರ್ಷ ಮಳೇಲಿ ಬಸ್ ಸ್ಟಾಪಲ್ಲಿ ನಿಂತಿದ್ವಿ, ಅದು ತಪ್ಪು. ಮೂರನೇ ವರ್ಷ ನನ್ನ ನೋಡಿ ನಕ್ಕಿದ್ದೆ, ಅದು ಮಹಾಪಾಪ. ನೇರವಾಗಿ ಹೇಳು ಗುಲ್ವೆನ್. ನಾನು ಬೇಡ್ವಾ?"

"ಬೇಕು!" ಅವನೂ ಕೂಗಿದ. ಅವನು ಕೂಗುವುದು ಬಲು ಅಪರೂಪ. "ಬೇಕು ಅಂತಾನೇ ಭಯ! ಅರ್ಧಂಬರ್ಧ ಮಾಡಿ ನಿನ್ನ ಕೈ ಹಿಡಿದ್ರೆ, ಊಟಕ್ಕೆ ಕೂತಾಗೆಲ್ಲ ಅಪ್ಪ ಎಲ್ಲೋ ದಾರೀಲಿ ನಿಂತಿದ್ದಾರೆ ಅಂತ ಅನ್ಸುತ್ತೆ. ನಾನು ಬೆಚ್ಚಗಿರ್ತೀನಿ, ಅವರು ಅಲ್ಲಿ..."

ಎನೋರಾಗೆ ಒಂದು ಕ್ಷಣ ಅಯ್ಯೋ ಎನಿಸಿತು. ಅಯ್ಯೋ ಎನಿಸಿದ್ದಕ್ಕೆ ಇನ್ನೂ ಹೆಚ್ಚು ಸಿಟ್ಟು ಬಂತು.

ಇಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಗುಲ್ವೆನ್‌ನ ತಾಯಿ ಕಾಟೆಲ್ ಕೈಯಲ್ಲಿ ಒಂದು ಹಿಡಿ ಈರುಳ್ಳಿ ಸೊಪ್ಪು ಹಿಡಿದುಕೊಂಡು ನೋಯುವ ಮಂಡಿಯನ್ನು ಎಳೆಯುತ್ತ ಒಳಗೆ ಬಂದಳು. ಬಿದ್ದ ಕುರ್ಚಿ ನೋಡಿದಳು, ಇಬ್ಬರ ಮುಖ ನೋಡಿದಳು.

"ಬೀದಿ ತುದಿವರೆಗೂ ಕೇಳಿಸ್ತಿದೆ. ಬಟ್ಟೆ ಒಣಗಿಸ್ತಿದ್ದ ಪಕ್ಕದ ಮನೆಯೋಳು ಒಳಗೇ ಹೋಗ್ತಿಲ್ಲ. ಎಲ್ಲಾ ಕೇಳಿಸ್ಕೊಂಡೆ ನಾನೂ." ಸೊಪ್ಪನ್ನು ಸಿಂಕಿಗೆ ಎಸೆದಳು. "ಲೋ, ನಿಮ್ಮಪ್ಪ ಬ್ರೆಡ್ ತರೋಕೂ ಸೈಕಲ್ ಇಲ್ದೆ ಹೋದೋರಲ್ಲ. ಅವರಿಗೆ ನಡಿಗೆ ಅಂದ್ರೇನೇ ಆಗ್ತಿರ್ಲಿಲ್ಲ. ನೀನು ವ್ಯಾನ್ ಹತ್ತಿದ್ದು ನೋಡಿದ್ರೆ ಪಕ್ಕಕ್ಕೆ ಸರ್ಕೋ ಅಂತ ಹೇಳಿ ತಾವೂ ಹತ್ತಿ ಕೂರ್ತಿದ್ರು."

"ಅಮ್ಮಾ, ತಮಾಷೆ ಅಲ್ಲ ಇದು."

"ಗಂಡನ್ನ ಕಳ್ಕೊಂಡೋಳು ನಾನು. ತಮಾಷೆ ಯಾವ್ದು ಅಂತ ನಂಗೆ ಗೊತ್ತು." ಕಾಟೆಲ್ ಕುರ್ಚಿ ಎತ್ತಿ ಅದರ ಮೇಲೆ ಕೂತಳು. "ಸತ್ತೋರ ಪರವಾಗಿ ಮನೆಯೋರು ಯಾರು ನಡೆದ್ರೂ ನಡೆಯುತ್ತೆ. ನಮ್ಮಜ್ಜಿ ಕಾಲದಿಂದ್ಲೂ ಹಾಗೇನೇ. ಅಣ್ಣ ಸುಸ್ತಾದ್ರೆ ತಮ್ಮ, ಮಗ ಬಿದ್ರೆ ಸೊಸೆ. ನೀನು ವ್ಯಾನಲ್ಲಿ ಕೂತ ದಿನ ಎನೋರಾ ನಡೆದ್ಲೋ ಇಲ್ವೋ?"

"ನಡೆದೆ," ಎಂದಳು ಎನೋರಾ. "ಒಬ್ಬಳೇ ನಡೆದೆ. ಇವನ ಚೀಲನಾದ್ರೂ ನಡೀಲಿ ಅಂತ ವ್ಯಾನಿಂದ ಇಳಿಸಿ ಅದನ್ನೂ ಹೊತ್ಕೊಂಡು."

"ಮತ್ತೆ? ಆ ದಿನ ಲೆಕ್ಕಕ್ಕೆ ಬಂತಲ್ಲ."

ಇಲ್ಲಿ ಗುಲ್ವೆನ್ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವನು ಸುಳ್ಳು ಹೇಳಲಾರದ ಮನುಷ್ಯ. ಕೆಲವೊಮ್ಮೆ ಅದಕ್ಕಿಂತ ದೊಡ್ಡ ಶನಿ ಇನ್ನೊಂದಿಲ್ಲ. ನೆಲ ನೋಡುತ್ತ ಹೇಳಿದ, "ಅವಳು ಇನ್ನೂ ಮನೆಯವಳಲ್ವಲ್ಲ, ಅಮ್ಮ."

ಎನೋರಾ ಕೂಗಲಿಲ್ಲ. ಗೂಟದಿಂದ ತನ್ನ ಕೋಟು ತೆಗೆದುಕೊಂಡಳು. ಒಂದು ತೋಳು ತಪ್ಪಾಗಿ ತೂರಿಸಿದಳು, ಸರಿಮಾಡಿಕೊಂಡಳು. "ಕಾಟೆಲಮ್ಮ, ಬರ್ತೀನಿ," ಎಂದಳು. ಅವನ ಕಡೆ ನೋಡದೆ ಬಾಗಿಲು ಎಳೆದುಕೊಂಡು ಹೊರಟುಹೋದಳು.

"ಕತ್ತೆ," ಎಂದಳು ಕಾಟೆಲ್ ಮಗನಿಗೆ. "ಓಡು."

ಹೊರಬಂದರಿನಲ್ಲಿ ನೀರು ಪೂರ್ತಿ ಇಳಿದಿತ್ತು. ದೋಣಿಗಳು ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಿದ್ದವು. ಎನೋರಾ ಕಲ್ಲಿನ ಕಟ್ಟೆಯ ಮೇಲೆ ಬಿರಬಿರನೆ ನಡೆಯುತ್ತಿದ್ದಳು. ಹಿಂದೆ ಭಾರವಾದ ಹೆಜ್ಜೆ ಓಡಿಬರುವುದು ಕೇಳಿಸಿತು. ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿದಳು.

"ಎನೋರಾ, ನಿಲ್ಲು!"

"ನಿಲ್ಲಲ್ಲ. ನೀನು ಎಷ್ಟು ನಡೀತೀಯೋ ನಡಿ. ನಡೆಯೋದೊಂದೇ ತಾನೇ ನಿಂಗೆ ಬರೋದು!"

ಕಟ್ಟೆ ಮುಗಿದಿತ್ತು, ಮುಂದೆ ಕಬ್ಬಿಣದ ಏಣಿ, ಕೆಸರು. ನಿಲ್ಲಲೇಬೇಕಾಯಿತು. ತಿರುಗಿದಳು. ಅವನು ಕೋಟಿಲ್ಲದೆ ಏದುಸಿರು ಬಿಡುತ್ತ ನಿಂತಿದ್ದ. ಗಾಳಿಗೆ ಕೂದಲು ಕೆದರಿ ಕಣ್ಣಿಗೆ ಬಿದ್ದಿತ್ತು. ಆ ಕೂದಲನ್ನು ಹಿಂದಕ್ಕೆ ಸರಿಸಬೇಕೆಂದು ಅವಳ ಕೈ ತಾನಾಗಿಯೇ ಮೇಲೆದ್ದಿತು. ಆ ಕೈಯನ್ನು ಜೇಬಿಗೆ ತುರುಕಿದಳು.

"ಮನೆಯವಳಲ್ಲ ನಾನು," ಎಂದಳು. ಈಗ ಅವಳ ದನಿ ಹರಾಜುಕಟ್ಟೆಗೆ ತಲುಪುವಷ್ಟಿತ್ತು. "ನಿಮ್ಮಮ್ಮನ ಆಪರೇಷನ್‌ಗೆ ಆಸ್ಪತ್ರೇಲಿ ಕೂತೋಳು ಯಾರು? ಆಗ ಮನೆಯವಳು. ನಿಮ್ಮಪ್ಪನ ಹೆಸರಿನ ಪೂಜೆ ದಿನ ಇಡೀ ಓಣಿಗೆ ಸೂಪ್ ಮಾಡಿದ್ದು ಯಾರು? ಆಗ್ಲೂ ಮನೆಯವಳು. ಆ ದಿನ ನೀನು ವ್ಯಾನಲ್ಲಿ ಅಳ್ತಾ ಕೂತಿದ್ದೆ. ನಿನ್ನ ಆ ಮುಖ ನೋಡೋಕಾಗ್ದೆ ಚೀಲ ಹೊತ್ಕೊಂಡು ನಡೆದೆ. ಬಂಡೆ ಮೇಲೆ ಎರಡು ಸಲ ಜಾರಿ ಬಿದ್ದೆ. ನಿಂಗೆ ಹೇಳ್ಲೇ ಇಲ್ಲ. ಆಗ ಮಾತ್ರ ನಾನು ಯಾರೋ ದಾರಿಹೋಕಳಾ?"

ಗುಲ್ವೆನ್ ಅವಳ ಮಂಡಿಗಳ ಕಡೆ ನೋಡಿ ಕೇಳಿದ, "ಬಿದ್ದೆಯಾ? ಎಲ್ಲಿ?"

"ಈಗ ಅದೊಂದು ಬೇಕು!"

"ಆ ದಿನ ಅಪ್ಪನ್ನ ನೆನೆಸ್ಕೊಂಡು ನಡೆದೆಯಾ?"

"ನೆನೆಸ್ಕೊಂಡು ಏನು, ದಾರಿಯುದ್ದಕ್ಕೂ ಜಗಳ ಆಡ್ಕೊಂಡೇ ನಡೆದೆ ಅವರ ಜೊತೆ. ಬೈದೆ. ನಿಮ್ಮ ಮಗ ಶುದ್ಧ ಕತ್ತೆ, ನಿಮ್ಮನ್ನ ಹೊತ್ಕೊಂಡು ತಿರುಗ್ತಾ ತಾನು ಬದುಕೋದನ್ನೇ ಮರೆತಿದ್ದಾನೆ, ದಯವಿಟ್ಟು ಒಂದು ಸಲ ಅವನನ್ನ ಕೆಳಗಿಳಿಸಿ, ನಂಗೆ ಕೊಟ್ಬಿಡಿ ಅಂದೆ."

"ಅದಕ್ಕೆ ಅಪ್ಪ?"

"ಗಾಳಿ ಜೋರಿತ್ತು. ಕೇಳಿಸ್ಲಿಲ್ಲ."

ಅವನು ನಗಲು ಹೋದ, ಆಗಲಿಲ್ಲ. ಎರಡು ಹೆಜ್ಜೆ ಹತ್ತಿರ ಬಂದ. ಅವನಿಂದ ಸುಟ್ಟ ಕಬ್ಬಿಣದ ವಾಸನೆ ಬರುತ್ತಿತ್ತು. ಆ ವಾಸನೆ ಎಂದರೆ ಅವಳಿಗೆ ಪ್ರಾಣ, ಅದಕ್ಕೇ ಮುಖ ತಿರುಗಿಸಿದಳು.

"ಹಾಗಿದ್ರೆ ಮೊದ್ಲು ಮದುವೆ ಆಗಿಬಿಡೋಣ," ಎಂದ. "ಆಗಸ್ಟಿಗೆ ಮುಂಚೆ. ಆಗ ನೀನು ಮನೆಯವಳಾಗ್ತೀಯ, ಆ ದಿನಾನೂ ಲೆಕ್ಕಕ್ಕೆ ಬರುತ್ತೆ, ಕೊನೇ ವಾರ ಹೊರಡಬಹುದು."

ಎನೋರಾ ಅವನ ಎದೆಗೆ ಎರಡೂ ಕೈಯಿಂದ ತಳ್ಳಿದಳು. "ಲೆಕ್ಕ ಕೂಡಿಸೋಕೆ ಮದುವೆನಾ? ವ್ಯಾನಿಗೆ ಹಾಕಿದ ಸ್ಟೆಪ್ನಿನಾ ನಾನು? ಹೋಗು! ಇನ್ನೂ ಏಳು ವರ್ಷ ನಡಿ, ಇನ್ನೂ ಎಪ್ಪತ್ತು ವರ್ಷ ನಡಿ, ನಂಗೇನು!" ಈಗ ಅಳು ಬಂದೇ ಬಂತು. ಸಿಟ್ಟಿನಲ್ಲಿ ಅಳು ಬಂದರೆ ಅವಳಿಗೆ ಇನ್ನೂ ಸಿಟ್ಟು. ತೋಳಿನಿಂದ ಮೂಗು ಒರೆಸಿಕೊಂಡಳು.

ಗುಲ್ವೆನ್ ತಳ್ಳಿಸಿಕೊಂಡಲ್ಲೇ ನಿಂತಿದ್ದ. ಇಳಿದುಹೋದ ಕಡಲಿನ ಕಡೆ ನೋಡಿದ. ಅವನ ಅಪ್ಪ ಕೊನೆಯ ಸಲ ಹೊರಟದ್ದು ಇದೇ ಕಟ್ಟೆಯಿಂದ. ಅವನ ಮುಖದಲ್ಲಿ ಏನೋ ಒಂದು ಬಿಗಿ ಸಡಿಲವಾಗುವುದನ್ನು ಅವಳು ಅಳುತ್ತಲೇ ಕಂಡಳು.

"ಲೆಕ್ಕ ಬಿಡು," ಎಂದ. "ಸುತ್ತು ಮುಗಿಯದೇ ಇದ್ರೂ ನಂಗೆ ನೀನು ಬೇಕು. ಒಂದಿನ ಅಲ್ಲ, ಒಂದು ವಾರಾನೇ ಕಮ್ಮಿ ಇದ್ರೂ ಬೇಕು. ಈ ವರ್ಷ ನಡಿಗೆ ಬೇಡ ಅಂತೀಯಾ, ಬೇಡ. ಎಂದೆಂದಿಗೂ ಬೇಡ ಅಂದ್ರೂ ಸರಿ."

"ನಿಮ್ಮಪ್ಪ?"

"ಅಪ್ಪ ಕಾಯ್ಲಿ." ಕಡಲಿಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದ. "ನಿನ್ನನ್ನ ಕಾಯಿಸಿದ್ದು ಸಾಕು."

ಆರು ವರ್ಷದಲ್ಲಿ ಅವನು ಅವಳಿಗೆ ಸೂಜಿ ಕೊಟ್ಟಿದ್ದ, ಒಣ ಕಾಲುಚೀಲ ಕೊಟ್ಟಿದ್ದ, ತನ್ನ ಪಾಲಿನ ಚಾಕೊಲೇಟು ಕೊಟ್ಟಿದ್ದ. ಇಂಥದ್ದೊಂದು ಮಾತು ಕೊಟ್ಟಿರಲಿಲ್ಲ. ಈ ಮಾತಿಗೆ ಅವನು ಏನನ್ನು ಬಿಟ್ಟುಕೊಟ್ಟನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜೇಬಿನಿಂದ ಕೈ ತೆಗೆದು ಅವನ ಹಣೆಯ ಮೇಲಿನ ಕೂದಲನ್ನು ಸರಿಸಿದಳು. ಮೆತ್ತಗಲ್ಲ, ಸ್ವಲ್ಪ ಎಳೆದೇ ಸರಿಸಿದಳು.

"ನನ್ನ ಸಿಟ್ಟು ಹೋಗಿಲ್ಲ," ಎಂದಳು.

"ಗೊತ್ತು."

"ಇವತ್ತು ಹೋಗಲ್ಲ. ನಾಳೇನೂ ಹೋಗಲ್ಲ."

"ಸರಿ."

"ಜೂನ್‌ನಲ್ಲಿ ಮದುವೆ. ಆಗಸ್ಟಲ್ಲಿ ಟ್ರೆಗಿಯೇದಿಂದ ಹೊರಡ್ತೀವಿ. ನಿಂಗೆ ಕಾಲು ಊದಿದ್ರೆ ನಾನು ನಡೀತೀನಿ, ನಂಗೆ ಊದಿದ್ರೆ ನೀನು ನಡಿ. ಇಬ್ರಿಗೂ ಊದಿದ್ರೆ ಅಲ್ಲೇ ಮರಳ ಮೇಲೆ ಕೂತು ಜಗಳ ಆಡೋಣ."

"ನಡಿಗೆ ಬೇಡ ಅಂದ್ರೂ ಸರಿ ಅಂದೆನಲ್ಲ, ಎನೋರಾ. ನಿಜವಾಗ್ಲೂ ಅಂದೆ."

"ನೀನು ಅಂದೆ, ನಾನು ಕೇಳಿಸ್ಕೊಂಡೆ, ಅಷ್ಟು ಸಾಕು." ಅವಳು ಅವನ ಕಾಲರ್ ಹಿಡಿದು ತನ್ನ ಕಡೆ ಎಳೆದುಕೊಂಡಳು. "ಪಾಪ, ಮಾವ ಎಷ್ಟು ದಿನ ಅಂತ ಕಾಯ್ತಾರೆ?"

ಮಾವ ಎಂಬ ಮಾತನ್ನು ಅವಳು ಅಲ್ಲಿಯವರೆಗೆ ಒಮ್ಮೆಯೂ ಆಡಿರಲಿಲ್ಲ. ಗುಲ್ವೆನ್ ಅವಳ ಹೆಗಲಿಗೆ ಮುಖ ಒತ್ತಿ, ಅಪ್ಪ ಹೋದ ದಿನವೂ ಅಳದಷ್ಟು ಅತ್ತ.