ಒಂದು ಸಂಜೆಯ ಕೆಂಪು

"ರೀ, ಕಣ್ಣೇನು ಮನೇಲಿಟ್ಟು ಬಂದಿದ್ದೀರಾ? ಆ ಕೊಂಬೆಗೆ ಗರಗಸ ಹಾಕ್ಬೇಡಿ."

ಏಣಿಯ ಮೇಲಿದ್ದ ಹೊಸ ಕಸಿಗಾರ ಕೈ ತಡೆದು ಕೆಳಗೆ ನೋಡಿದ. ಪ್ಯಾಕಿಂಗ್ ಶೆಡ್ಡಿನ ಬಾಗಿಲಲ್ಲಿ ತೋಟದ ಯಜಮಾನರ ಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಲಾರಿಗೆ ಅಡ್ಡ ಬರುತ್ತೆ, ಕಡಿ ಅಂತ ನಿಮ್ಮಪ್ಪಾನೇ ಹೇಳಿದ್ದು, ಮೇಡಂ."

"ಇಡೀ ಮರ ಹಸಿರು ಸೇಬು ಬಿಟ್ಟಿದೆ, ಆ ಒಂದು ಕೊಂಬೇಲಿ ಮಾತ್ರ ಕೆಂಪು. ಕಾಣ್ತಿಲ್ವಾ?"

ಅವನು ಕೊಂಬೆಯನ್ನು ನೋಡಿದ, ಅವಳನ್ನು ನೋಡಿದ, ಮೆಲ್ಲಗೆ ಇಳಿದು ಹತ್ತಿರ ಬಂದ. "ಕಾಣಲ್ಲ," ಎಂದ, ಬೇರೆ ಯಾರಿಗೂ ಕೇಳದ ಹಾಗೆ. "ನಿಮ್ಮ ಕೆಂಪು, ನಿಮ್ಮ ಹಸಿರು, ನಂಗೆ ಎರಡೂ ಒಂದೇ. ಯಜಮಾನರಿಗೆ ಹೇಳ್ಬೇಡಿ, ಕೆಲಸ ಹೋಗುತ್ತೆ."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

ಆ ಕೊಂಬೆಯ ಒಂದು ಹಣ್ಣನ್ನು ಇಬ್ಬರೂ ಹಂಚಿ ತಿಂದರು. ಹಸಿರು ಹಣ್ಣಿನ ಹುಳಿಯ ಸುಳಿವೇ ಇಲ್ಲ, ಜೇನು. ಮರವೊಂದು ತನ್ನ ಪಾಡಿಗೆ ತಾನೇ ಒಂದು ಕೊಂಬೆಯಲ್ಲಿ ಬದಲಾಗುವುದುಂಟು ಎಂದು ಅವನು ವಿವರಿಸಿದ. ಅದರ ಮೊಗ್ಗು ತೆಗೆದು ಬೇರೆ ಸಸಿಗಳಿಗೆ ಕಸಿ ಕಟ್ಟಬೇಕು. ಅವೂ ಕೆಂಪು ಹಣ್ಣು ಬಿಟ್ಟರೆ ಅದು ಹೊಸ ತಳಿ.

ಅಂದಿನಿಂದ ಅವಳು ಅವನ ಕಣ್ಣಾದಳು. "ಇವತ್ತು ಯಾವ ಬಣ್ಣ?" ಎಂದು ಅವನು ಕೇಳುವುದು, ಅವಳು ಹೇಳುವುದು. ಮೇಡಂ ಎನ್ನುವುದು ನೀನು ಆಗಲು ಬಹಳ ದಿನ ಹಿಡಿಯಲಿಲ್ಲ.

"ಜ್ವರ ಬಂದ ಮಗು ಕೆನ್ನೆ ಥರ ಆಗಿದೆ."

"ನಿನ್ನ ಕೆನ್ನೆ ಥರ ಅನ್ನು."

"ನನ್ನ ಕೆನ್ನೆ ಬಣ್ಣ ನಿಂಗೇನು ಗೊತ್ತು?"

"ಬಣ್ಣ ಗೊತ್ತಿಲ್ಲ. ಬಿಸಿ ಇಲ್ಲೀತನಕ ತಾಗ್ತಿದೆ."

ಆ ಕೊಂಬೆಯ ತೊಗಟೆ ಒಂದು ಮಗ್ಗುಲಲ್ಲಿ ಮಾತ್ರ ಕೆಂಪಾಗಿತ್ತು. ಮೊಗ್ಗು ಅಲ್ಲಿಂದಲೇ ತೆಗೆಯಬೇಕು, ತಾನು ತೋರಿಸುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಆದರೆ ಕಸಿಯ ಹಿಂದಿನ ದಿನ ಶೆಡ್ಡಿನ ಹೆಂಗಸರ ಮುಂದೆ ಅವನು ಮತ್ತೆ "ಮೇಡಂ" ಅಂದುಬಿಟ್ಟ. ಅವಳಿಗೆ ಮುನಿಸು. ಬೇಕಿದ್ದರೆ ಅವನೇ ಬಂದು ಕರೆಯಲಿ ಎಂದು ಮಾರನೇ ದಿನ ಒಳಗೇ ಕುಳಿತಳು. ಅವನು ಕರೆಯಲಿಲ್ಲ. ಬೇರೆ ಯಾರನ್ನು ಕೇಳಿದರೂ ಗುಟ್ಟು ರಟ್ಟಾಗುತ್ತಿತ್ತು. ಹೆಬ್ಬೆರಳಿಂದ ತಡವಿ, ಅಂದಾಜಿನ ಮೇಲೆ ಮೊಗ್ಗು ತೆಗೆದು ಕಟ್ಟಿದ. ಆ ಚಳಿಗಾಲದಲ್ಲೇ ಹಿಮದ ಭಾರಕ್ಕೆ ತಾಯಿಕೊಂಬೆ ಬುಡಸಮೇತ ಮುರಿದು ಒಣಗಿತು. ಉಳಿದದ್ದು ಆ ಸಸಿಗಳ ಸಾಲು ಮಾತ್ರ.

ಸಸಿಗಳು ಎದೆಮಟ್ಟ ಬೆಳೆದು ಹೂ ಬಿಟ್ಟ ವರ್ಷ, ಕೋಲ್ಡ್ ಸ್ಟೋರೇಜಿನವರ ಮಗನಿಗೆ ಅವಳನ್ನು ಕೇಳಿಕೊಂಡು ಬಂದರು.

"ನಂಗೂ ಕಣ್ಣಿದೆ ಕಣಮ್ಮ," ಎಂದರು ಅಪ್ಪ. "ಆ ಸಸಿಗಳ ಹಣ್ಣು ಕೆಂಪಾದ್ರೆ ನಿನ್ನ ಕಸಿಗಾರ ಈ ತೋಟದ ಪಾಲುದಾರ, ನಿನ್ನ ಮಾತೇ ನಡೀಲಿ. ಹಸಿರಾದ್ರೆ ನನ್ನ ಮಾತು. ಆಮೇಲೆ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ."

"ಸರಿ," ಎಂದಳು. ಆ ಕೊಂಬೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ. ಅಪ್ಪನ ಷರತ್ತನ್ನು ಕಸಿಗಾರನಿಗೂ ಹೇಳಿದಳು.

ಹಣ್ಣು ಬಲಿತಾಗ ಅಪ್ಪ ಮಾರ್ಕೆಟ್ಟಿಗೆ ಹೋಗಿದ್ದರು, ಬೆಳಿಗ್ಗೆ ಬರುವವರು. ಸಂಜೆ ಇಬ್ಬರೂ ಸಸಿಗಳ ಸಾಲಿಗೆ ಹೋದರು. ಅವನು ಒಂದು ಹಣ್ಣು ಕಿತ್ತು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

"ಹೇಳು."

ಅವಳು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಂದಾದರೂ ಇರಬಾರದೇ. ಎಲ್ಲ ಹಸಿರು.

"ಕೆಂಪು," ಎಂದಳು.

ಅವನು ಹಣ್ಣು ಕಚ್ಚಿದ. ನಿಧಾನ ಅಗಿದ. ನುಂಗಿಕೊಂಡು, "ಹೌದು. ಕೆಂಪೇ," ಎಂದ.

ಆ ಸಂಜೆ ಅವನು ಎಂದೂ ಆಡದ್ದನ್ನೆಲ್ಲ ಆಡಿದ. ಅವಳೆಂದರೆ ತನಗೆ ಏನು ಎನ್ನುವುದನ್ನು. ಕಟ್ಟಬೇಕಾದ ಮನೆಯ ಕಿಟಕಿ ಯಾವ ಕಡೆ ಎನ್ನುವುದನ್ನು. "ಪರದೆ ಬಣ್ಣ ನೀನೇ ಆರಿಸು. ನಾನಾದ್ರೆ ಎಡವಟ್ಟು," ಎಂದ. ಅವಳು ಅವನ ಭುಜಕ್ಕೆ ತಲೆಯಿಟ್ಟು ನಕ್ಕಳು. ಕಣ್ಣೀರು ಅವನ ಅಂಗಿಗೆ ಇಳಿಯದಂತೆ ಮುಖ ಅತ್ತ ತಿರುಗಿಸಿಕೊಂಡಳು.

ಬೆಳಿಗ್ಗೆ ಅಪ್ಪ ಸಾಲಿನುದ್ದಕ್ಕೂ ನಡೆದು ಬಂದರು. ಬೈಯಲಿಲ್ಲ. ಮಗಳ ತಲೆ ಸವರಿ, "ಬಾಮ್ಮ, ಟೀ ಆರಿಹೋಗುತ್ತೆ," ಎಂದರು, ಅಷ್ಟೇ.

ಗೇಟಿನ ಹತ್ತಿರ ಅವನು ಕಸಿಚಾಕುಗಳ ಚೀಲ ಹೆಗಲಿಗೇರಿಸಿ ನಿಂತಿದ್ದ. ದೂರದ ನರ್ಸರಿಯೊಂದರಲ್ಲಿ ಕೆಲಸವಿತ್ತಂತೆ.

"ಅವತ್ತು ಕಸಿಗೆ ನಾನು ಬಂದಿದ್ರೆ..." ಎಂದಳು.

"ಅವತ್ತು ನಾನು ಕರೀಬೇಕಿತ್ತು."

"ನಿನ್ನೆ ಸುಳ್ಳು ಹೇಳ್ದೆ ಕಣೋ."

"ಗೊತ್ತು. ಕಚ್ಚಿದ ಕೂಡ್ಲೇ ಹುಳಿಗೆ ಹಲ್ಲು ಜುಮ್ಮಂತು."

"ಮತ್ತೆ ಯಾಕೆ ಹೌದು ಅಂದೆ?"

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. ಮೊದಲ ದಿನ ಏಣಿ ಇಳಿದು ಬಂದಾಗಿನಂತೆಯೇ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ:

"ಇಷ್ಟು ವರ್ಷ ನೀನು ಹೇಳಿದ ಬಣ್ಣಾನೇ ಅಲ್ವಾ ನಾನು ನೋಡಿದ್ದು."