ಕಲ್ಲಚ್ಚಿನ ಆಟಗಾರ

ಮಾರ್ಚ್ ಹದಿನಾರು, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಅಡಿಲೇಡ್‌ನ ಠಾಣೆಗೆ ದೂರು ಬಂತು. ಕೊಟ್ಟವರು ಅಲ್ಲಿನ ಪ್ರಾಸ್ಪೆಕ್ಟ್ ಬಡಾವಣೆಯ ವಸಂತಕುಮಾರ್, ಮೈಸೂರಿನಿಂದ ಬಂದು ನೆಲೆಸಿದ ನಿವೃತ್ತ ಎಂಜಿನಿಯರ್. ಕಳುವಾದದ್ದು ಒಂದು ಬೇಸ್‌ಬಾಲ್ ಕಾರ್ಡ್. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಸಿಗರೇಟು ಬಾಗದಿರಲೆಂದು ಪ್ಯಾಕಿನೊಳಗೆ ಇಡುತ್ತಿದ್ದ ರಟ್ಟಿನ ಚೂರು. ಮೇಲೆ ಆಟಗಾರನ ಬಣ್ಣದ ಚಿತ್ರ, ಹಿಂದೆ ತಂಬಾಕಿನ ಜಾಹೀರಾತು. ಈಗ ಅಂಥದರ ಬೆಲೆಗೆ ಒಂದು ಕಾರು ಬರುತ್ತದೆ. ಅವರು ಎಫ್‌ಐಆರ್ ಪ್ರತಿ ಕೇಳಿದರು. ಇಲ್ಲಿ ಕೊಡುವುದು ರಿಪೋರ್ಟ್ ನಂಬರ್ ಎಂದು ಡಿಟೆಕ್ಟಿವ್ ಇಂದುಮತಿ ಕನ್ನಡದಲ್ಲೇ ಹೇಳಿದಾಗ ಅವರ ಮುಖ ಕೊಂಚ ಸಡಿಲವಾಯಿತು.

ಹನ್ನೊಂದಕ್ಕೆ ಸ್ಥಳ ಪರಿಶೀಲನೆ, ಊರಿನ ಮಾತಲ್ಲಿ ಪಂಚನಾಮೆ. ಬೀರುವಿನ ಬೀಗ ಒಡೆದಿರಲಿಲ್ಲ. ಕೀ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಒಳಗಿದ್ದ ಆಲ್ಬಮ್ಮಿನಲ್ಲಿ ಅದಕ್ಕಿಂತ ಬೆಲೆಬಾಳುವ ಕಾರ್ಡುಗಳು ಹಾಗೇ ಇದ್ದವು.

ವಸಂತಕುಮಾರರ ಹೆಂಡತಿ ಪದ್ಮಾ ದನಿ ತಗ್ಗಿಸಿ, ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ವಿದ್ಯಾರ್ಥಿನಿ ಅಪೂರ್ವಳಿಗೆ ಕೀ ಜಾಗ ಗೊತ್ತೆಂದರು. ದಾವಣಗೆರೆಯ ಆ ಹುಡುಗಿ ಅಳಲಿಲ್ಲ. ತಾನು ತೆಗೆದಿಲ್ಲ ಎಂದಳು. ಕೇಸಾದರೆ ವೀಸಾ ಉಳಿಯುತ್ತದೆಯೇ ಎಂದಷ್ಟೇ ಕೇಳಿದಳು. ಶನಿವಾರ ಪದ್ಮಾರ ಹುಟ್ಟುಹಬ್ಬಕ್ಕೆ ಬ್ರಿಸ್ಬೇನ್‌ನಿಂದ ವಸಂತಕುಮಾರರ ಹಳೆಯ ಗೆಳೆಯ ರಮಾಕಾಂತ್ ಬಂದುಹೋಗಿದ್ದರು. ಆದರೆ ಆ ಕಾರ್ಡನ್ನು ಹಿಂದೊಮ್ಮೆ ಉಡುಗೊರೆ ಕೊಟ್ಟವರೇ ಅವರು. ಹಾಗಾಗಿ ಅವರ ಹೆಸರನ್ನು ಯಾರೂ ಎತ್ತಲಿಲ್ಲ.

ಇಂದುಮತಿಗೆ ಲೆಕ್ಕ ಕೂಡಲಿಲ್ಲ. ಬೆಲೆ ಬಲ್ಲ ಕಳ್ಳ ದುಬಾರಿಯದನ್ನು ಒಯ್ಯುತ್ತಾನೆ, ಬೆಲೆ ತಿಳಿಯದವನು ಆಲ್ಬಮ್ಮನ್ನೇ ಒಯ್ಯುತ್ತಾನೆ. ಇದೊಂದೇ ಏಕೆ? ಕೇಳಿದಾಗ ವಸಂತಕುಮಾರ್, ಇನ್ಶೂರೆನ್ಸಿಗಾಗಿ ಅದನ್ನು ಮುಂದಿನ ವಾರ ಪರ್ತ್‌ಗೆ ಪರೀಕ್ಷೆಗೆ ಕಳಿಸುವುದಿತ್ತು ಎಂದರು.

ಪರೀಕ್ಷಿಸಬೇಕಿದ್ದವರು ಪರ್ತ್‌ನ ಎಲೆನ್‌ಬ್ರೂಕ್ ಬಡಾವಣೆಯ ನಾಗೇಂದ್ರ. ವಿಡಿಯೋ ಕಾಲ್‌ನಲ್ಲಿ ಅವರು ಲೆನ್ಸ್ ಹಿಡಿದು ವಿವರಿಸಿದರು. ಹಳೆಯ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದ ಮುದ್ರಣದಲ್ಲಿ, ಬಣ್ಣ ಚೆದುರಿದಂತಿರುತ್ತದೆ, ಹೊಸ ಮುದ್ರಣದಲ್ಲಿ ಚುಕ್ಕಿಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿರುತ್ತವೆ. ನಕಲಿಯಾದರೆ ನಿಮಿಷದಲ್ಲಿ ತಿಳಿಯುತ್ತದೆ.

"ಈ ಪ್ರಶ್ನೆ ಬೇರೆ ಯಾರಾದ್ರೂ ಕೇಳಿದ್ರಾ?"

"ಹೋದ ವಾರ ರಮಾಕಾಂತ್ ಫೋನ್ ಮಾಡಿದ್ರು."

ಬುಧವಾರ ಮಧ್ಯಾಹ್ನ ಸ್ಥಳೀಯ ಅಧಿಕಾರಿಯೊಬ್ಬರೊಂದಿಗೆ ಇಂದುಮತಿ ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿರುವ ರಮಾಕಾಂತರ ಮನೆಯ ಬಾಗಿಲು ತಟ್ಟಿದಳು. ಉತ್ತರಿಸಲೇಬೇಕೆಂದಿಲ್ಲ, ಹೇಳಿದ್ದು ಸಾಕ್ಷ್ಯವಾಗುತ್ತದೆ ಎಂದು ಮೊದಲೇ ತಿಳಿಸಿದಳು. ರಮಾಕಾಂತ್ ಕಾರ್ಡಿನ ವಿಷಯ ತನಗೆ ಗೊತ್ತಿಲ್ಲವೆಂದರು.

"ಅಪೂರ್ವ ಮೇಲೆ ಅನುಮಾನ ಬಂದಿದೆ, ಗೊತ್ತಾ?"

"ಆ ಹುಡುಗಿ ಮೇಲಾ? ಯಾಕೆ?"

"ಮನೇಲಿ ಹೊರಗಿನವಳು ಅವಳೊಬ್ಬಳೇ ಅಲ್ವಾ."

ರಮಾಕಾಂತ್ ಅಧಿಕಾರಿಯ ಜೊತೆ ಒಳಗೆ ಹೋಗಿ, ಬಟ್ಟೆಯ ನಡುವೆ ಇಟ್ಟಿದ್ದ ಕಾರ್ಡ್ ತಂದು ಮೇಜಿನ ಮೇಲಿಟ್ಟರು. ಇಂದುಮತಿ ಲೆನ್ಸ್ ಹಿಡಿದಳು. ಚುಕ್ಕಿಗಳು ಸಾಲಾಗಿದ್ದವು.

ಈ ದೇಶಕ್ಕೆ ಬಂದ ಹೊಸತರಲ್ಲಿ ಕೆಲಸವಿಲ್ಲದೆ ರಮಾಕಾಂತ್ ವಸಂತಕುಮಾರರ ಮನೆಯಲ್ಲೇ ಒಂದು ವರ್ಷ ಉಂಡು ಮಲಗಿದ್ದರಂತೆ. ಕೆಲಸ ಸಿಕ್ಕ ಮೇಲೆ, ಅಸಲಿ ಎಂದೇ ನಂಬಿ ಕೊಂಡು ಕೊಟ್ಟ ಕಾರ್ಡದು. ನಕಲಿಯೆಂದು ತಿಳಿಯುವಷ್ಟರಲ್ಲಿ ಗೆಳೆಯ ಅದನ್ನು ಕ್ಲಬ್ಬಿನಲ್ಲೆಲ್ಲ 'ನಮ್ಮ ರಮಾಕಾಂತ್ ಕೊಟ್ಟಿದ್ದು' ಎಂದು ತೋರಿಸುತ್ತಿದ್ದ.

"ಹೇಳ್ಬಿಡಬಹುದಿತ್ತು."

"ಪ್ರತಿ ಸಲ ಹೇಳ್ಬೇಕು ಅಂತಲೇ ಹೋಗ್ತಿದ್ದೆ, ಮೇಡಂ. ಅವನು ಆಲ್ಬಮ್ ತೆಗೆದು ಮೊದಲು ಅದನ್ನೇ ತೋರಿಸೋನು."

ಮಧ್ಯಾಹ್ನ ಮೂರು ಹತ್ತಕ್ಕೆ ಬಂಧನ ದಾಖಲಾಯಿತು.

ಸುದ್ದಿ ಕೇಳಿ ವಸಂತಕುಮಾರ್ ಫೋನಿನಲ್ಲಿ ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದರು. ಅದು ಇನ್ನು ತನ್ನೊಬ್ಬಳ ಕೈಲಿಲ್ಲ, ಅವರ ಮಾತನ್ನು ಬರೆದುಕೊಳ್ಳುತ್ತೇನೆ ಎಂದಳು ಇಂದುಮತಿ. ರಮಾಕಾಂತರ ಸಂಕೋಚ ಅವಳಿಗೆ ಅರ್ಥವಾಗಿತ್ತು. ಆದರೆ ಅದರ ಭಾರ ಬಿದ್ದದ್ದು ಬೇರೆಯವರ ಮೇಲೆ.

ಶುಕ್ರವಾರ ಹೇಳಿಕೆ ಪಡೆಯಲು ಹೋದಾಗ ಪದ್ಮಾ ಹಿಂದಿನ ರೂಮಿನ ಬಾಗಿಲಲ್ಲಿ ನಿಂತಿದ್ದರು. ಕ್ಷಮೆ ಕೇಳಿದ್ದಾಗಿತ್ತು. ಪರವಾಗಿಲ್ಲ ಆಂಟಿ ಅಂದಿದ್ದಳಂತೆ ಅಪೂರ್ವ. ಹಾಗೆಂದವಳು ಹಾಸಿಗೆ ಸುತ್ತಿಕೊಂಡು ಬೇರೆ ಮನೆಗೆ ಹೋಗಿದ್ದಳು.